ಹಿತ್ತಾಳೆ ಕೊಳವೆ, ಶಾಲೆಯ ಹಾಲ್: ನಂಬಿದ್ದೇನು, ನಿಜವೇನು

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್, ದಸರಾ ದಿನದ ಪೊಲೀಸ್ ಬ್ಯಾಂಡ್. ಟ್ರಂಪೆಟ್, ಟ್ರಾಂಬೋನ್‌ಗಳೊಂದಿಗೆ ನಮ್ಮಲ್ಲಿ ಬಹುತೇಕರ ಪರಿಚಯ ಇಷ್ಟಕ್ಕೇ ನಿಲ್ಲುತ್ತದೆ. ಇದೇ ವಾದ್ಯಗಳನ್ನು ಹಿಡಿದ ಐದೇ ಜನ, ಕೋಲು ಬೀಸುವ ಕಂಡಕ್ಟರ್ ಇಲ್ಲದೆ, ಅರ್ಧಚಂದ್ರಾಕಾರದಲ್ಲಿ ನಿಂತು ಬಾಖ್‌ನ ಫ್ಯೂಗ್ ನುಡಿಸುವ ಪದ್ಧತಿಯೊಂದು ಪಶ್ಚಿಮದಲ್ಲಿದೆ. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಒಂದು ಟ್ರಾಂಬೋನ್, ಒಂದು ಟ್ಯೂಬಾ: ಇದು ಬ್ರಾಸ್ ಕ್ವಿಂಟೆಟ್. ಇಂಥ ವೃತ್ತಿಪರ ತಂಡಗಳು ರಾತ್ರಿ ಟಿಕೆಟ್ ಕಛೇರಿ ಕೊಡುವ ಊರಿನಲ್ಲೇ ಹಗಲು ಹೊತ್ತು ಶಾಲೆಗಳಿಗೂ ಹೋಗಿ ನುಡಿಸುತ್ತವೆ, ಮಕ್ಕಳ ಕೈಗೆ ವಾದ್ಯ ಕೊಡುತ್ತವೆ. ಈ ಹಗಲಿನ ಕೆಲಸದ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಗಳು ಒಂದೆರಡಲ್ಲ.

“ಶಾಲೆಗೆ ಹೋಗಿ ನುಡಿಸುವುದು ದೊಡ್ಡ ಕಲಾವಿದರು ಬಿಡುವಿನಲ್ಲಿ ಮಾಡುವ ಸಮಾಜಸೇವೆ”

ಎಲ್ಲಕ್ಕಿಂತ ಆಳಕ್ಕೆ ಬೇರುಬಿಟ್ಟ ನಂಬಿಕೆ ಇದು. ಚರಿತ್ರೆಯನ್ನು ತಲೆಕೆಳಗಾಗಿ ಓದುವುದೂ ಇದೇ.

ಆರ್ಕೆಸ್ಟ್ರಾದಲ್ಲಿ ಹಿತ್ತಾಳೆ ವಾದ್ಯದವರ ಪಾಡು ಏನೆಂದು ಮೊದಲು ನೋಡಬೇಕು. ಬೀಥೋವನ್‌ನ ಐದನೇ ಸಿಂಫನಿಯಲ್ಲಿ ಟ್ರಾಂಬೋನ್‌ನವರು ಮೊದಲ ಮೂರು ಭಾಗಗಳುದ್ದಕ್ಕೂ ಕೈಕಟ್ಟಿ ಕೂತಿದ್ದು ಕೊನೆಯ ಭಾಗದಲ್ಲಿ ವಾದ್ಯ ಎತ್ತುತ್ತಾರೆ. ಬ್ರಾಮ್ಸ್‌ನ ಮೊದಲ ಸಿಂಫನಿಯಲ್ಲೂ ಅದೇ ಕತೆ. ಡ್ವೊರಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯಲ್ಲಂತೂ ಟ್ಯೂಬಾದವನ ಪಾಲಿಗೆ ಬರುವ ಸ್ವರಗಳು ಹದಿನೈದನ್ನೂ ಮುಟ್ಟುವುದಿಲ್ಲ. ಉಳಿದ ಹೊತ್ತೆಲ್ಲ ತಾಳ ಎಣಿಸುತ್ತಾ ಕೂರುವುದೇ ಕೆಲಸ. ಪಿಟೀಲಿನವರಿಗೆ ಹೈಡನ್ ಕಾಲದಿಂದ ಕ್ವಾರ್ಟೆಟ್ ಇತ್ತು, ಅದಕ್ಕೆ ಕೃತಿಗಳಿದ್ದವು, ಕಾಸು ಕೊಟ್ಟು ಕೇಳುವ ಜನರಿದ್ದರು. ಊದುವವರಿಗೆ ಅಂಥದ್ದೇನೂ ಇರಲಿಲ್ಲ. ಲಂಡನ್ನಿನಲ್ಲಿ ಟ್ರಂಪೆಟ್ ವಾದಕ ಫಿಲಿಪ್ ಜೋನ್ಸ್ 1951ರಲ್ಲಿ ತಮ್ಮ ಹೆಸರಿನ ಬ್ರಾಸ್ ತಂಡ ಕಟ್ಟಿದರು. 1954ರಲ್ಲಿ ರಾಬರ್ಟ್ ನೇಗಲ್ ಮತ್ತು ಟ್ಯೂಬಾದ ಹಾರ್ವಿ ಫಿಲಿಪ್ಸ್ ಮುಂತಾದವರು ಸೇರಿ ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ ಆರಂಭಿಸಿದರು. ವಾದಕರೇನೋ ಸಿಕ್ಕರು, ಕೇಳುಗರು ಎಲ್ಲಿಂದ ಬರಬೇಕು?

ಬಂದದ್ದು ಶಾಲೆಗಳಿಂದ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1950ರ ಸುಮಾರಿಗೆ ಶುರುವಾಗಿ ಬೇಗನೆ ದೇಶವ್ಯಾಪಿಯಾದ ‘ಯಂಗ್ ಆಡಿಯನ್ಸಸ್’ ಎಂಬ ಸಂಸ್ಥೆ ವೃತ್ತಿಪರ ಸಂಗೀತಗಾರರನ್ನು ಸಂಭಾವನೆ ಕೊಟ್ಟು ಶಾಲೆಗಳಿಗೆ ಕಳಿಸುತ್ತಿತ್ತು. ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ ತನ್ನ ಮೊದಲ ವರ್ಷಗಳಲ್ಲಿ ಅದರ ಮೂಲಕ ಮಕ್ಕಳೆದುರು ನುಡಿಸುತ್ತಲೇ ಪಳಗಿತು. ಆ ತಂಡಕ್ಕಾಗಿಯೇ ಮಾಲ್ಕಮ್ ಅರ್ನಾಲ್ಡ್ ತಮ್ಮ ಪ್ರಸಿದ್ಧ ಕ್ವಿಂಟೆಟ್ ಬರೆದದ್ದು 1961ರಲ್ಲಿ, ಅಂದರೆ ಶಾಲೆಯ ಓಡಾಟ ಶುರುವಾಗಿ ವರ್ಷಗಳ ನಂತರ.

ಕೆನಡಾದ ಉದಾಹರಣೆ ಇನ್ನೂ ನಿಚ್ಚಳ. ಟೊರಾಂಟೊದಲ್ಲಿ 1970ರಲ್ಲಿ ಟ್ಯೂಬಾದ ಚಕ್ ಡೆಲೆನ್‌ಬಾಕ್ ಮತ್ತು ಟ್ರಾಂಬೋನ್‌ನ ಜೀನ್ ವಾಟ್ಸ್ ‘ಕೆನಡಿಯನ್ ಬ್ರಾಸ್’ ಆರಂಭಿಸಿದರು. ಮುಂದೆ ಇದು ಜಗತ್ತಿನಲ್ಲೇ ಹೆಚ್ಚು ಹೆಸರುವಾಸಿಯಾದ ಬ್ರಾಸ್ ಕ್ವಿಂಟೆಟ್ ಆಯಿತು. 1977ರಲ್ಲಿ ಚೀನಾಕ್ಕೂ ಹೋಗಿಬಂತು. ಆದರೆ ಮೊದಲ ವರ್ಷಗಳಲ್ಲಿ ಐವರಿಗೂ ಊಟಕ್ಕೆ ದಾರಿ ಮಾಡಿದ್ದು ಪಕ್ಕದ ಹ್ಯಾಮಿಲ್ಟನ್ ನಗರ. ಅಲ್ಲಿನ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ನಿರ್ದೇಶಕ ಬೋರಿಸ್ ಬ್ರಾಟ್ ಇಡೀ ತಂಡವನ್ನೇ ಕರೆದು ಕೆಲಸ ಕೊಟ್ಟರು. ಆರ್ಕೆಸ್ಟ್ರಾದಲ್ಲಿ ಕೂರುವುದು, ಐವರ ತಂಡವಾಗಿ ಊರಿನ ಶಾಲೆಗಳಲ್ಲಿ ನುಡಿಸುವುದು, ಎರಡೂ ಅದೇ ಕೆಲಸದ ಭಾಗ.

ತುಣುಕು ತುಣುಕಿನ ನಡುವೆ ಕೇಳುಗರೊಡನೆ ಮಾತಾಡುವುದು, ಹಾಲ್‌ನ ಹಿಂಬಾಗಿಲಿಂದ ಊದುತ್ತಲೇ ಒಳಗೆ ಬರುವುದು, ಕರಿ ಸೂಟಿನ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ತೊಡುವುದು ಇವೆಲ್ಲ ಕೆನಡಿಯನ್ ಬ್ರಾಸ್‌ನ ಗುರುತು. ಅದುಮಿಟ್ಟ ನಗು, ನೆಟ್ಟಗೆ ಕೂರದ ಬೆನ್ನು, ಮಧ್ಯದಲ್ಲೇ ಎದ್ದು ಬರುವ ಪ್ರಶ್ನೆ, ಇಂಥ ಸಭಿಕರ ಮುಂದೆ ನುರಿತವರಿಗೆ ಈ ರೂಢಿಗಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಶಾಲೆಗಳಿಲ್ಲದಿದ್ದರೆ ಬ್ರಾಸ್ ಕ್ವಿಂಟೆಟ್ ಒಂದು ವೃತ್ತಿಯಾಗಿ ನಿಲ್ಲುತ್ತಿತ್ತೇ ಎಂಬುದೇ ನನಗೆ ಅನುಮಾನ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಲೆಕ್ಕ ಹಾಕಿದರೆ ಬಾಕಿ ಇರುವುದು ಸಂಗೀತಗಾರರ ಕಡೆಯೇ.

“ಹಿತ್ತಾಳೆಯಿಂದ ಮಾಡಿದ್ದೆಲ್ಲ ಬ್ರಾಸ್ ವಾದ್ಯ”

ಹಾಗಿದ್ದರೆ ಸ್ಯಾಕ್ಸೋಫೋನ್ ಮೊದಲ ಸಾಲಿನಲ್ಲಿ ನಿಲ್ಲಬೇಕಿತ್ತು. ಅದರ ಮೈಯೆಲ್ಲ ಹಿತ್ತಾಳೆ, ಆದರೂ ಅದು ಮರದ ವಾದ್ಯಗಳ ಕುಲಕ್ಕೆ ಸೇರಿದ್ದು, ಏಕೆಂದರೆ ಅಲ್ಲಿ ನಡುಗುವುದು ಬೆತ್ತದ ಸೀಳು. (ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾಗಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಕದ್ರಿ ಗೋಪಾಲನಾಥ್. ನಾಗಸ್ವರದ ಮನೆಯಿಂದ ಬಂದವರಿಗೆ ಅದು ಹತ್ತಿರವೆನಿಸಿದ್ದು ಸಹಜವೇ. ಎರಡರಲ್ಲೂ ನಡುಗುವುದು ಸೀಳೇ.) ಅತ್ತ ಆಲ್ಪ್ಸ್ ಬೆಟ್ಟದ ಉದ್ದನೆಯ ಆಲ್ಪ್‌ಹಾರ್ನ್ ಅಪ್ಪಟ ಮರ, ಆದರೂ ಅದು ಬ್ರಾಸ್ ಕುಲದ್ದು.

ಕುಲ ನಿರ್ಧರಿಸುವುದು ಲೋಹವಲ್ಲ, ತುಟಿ. ಬಟ್ಟಲಿನಂಥ ಮೌತ್‌ಪೀಸಿಗೆ ಬಿಗಿಹಿಡಿದ ತುಟಿಯೊತ್ತಿ ಗಾಳಿ ಬಿಟ್ಟಾಗ ತುಟಿಗಳೇ ಪಟಪಟನೆ ಕಂಪಿಸುತ್ತವೆ. ಆರ್ಕೆಸ್ಟ್ರಾ ಶ್ರುತಿ ಕೂಡಿಸುವ ಸ್ವರಕ್ಕೆ ತುಟಿ ಸೆಕೆಂಡಿಗೆ 440 ಸಲ ಬಡಿಯಬೇಕು. ಆ ಲೆಕ್ಕದಲ್ಲಿ ನಮ್ಮ ಜಾತ್ರೆಯ ಕೊಂಬು, ಕಹಳೆಗಳು ಟ್ರಂಪೆಟ್‌ನ ನೇರ ದಾಯಾದಿಗಳು. ಕೊಂಬು ಊದುವವರನ್ನು ಹತ್ತಿರದಿಂದ ಕಂಡ ಹಳ್ಳಿಯ ಹುಡುಗನಿಗೆ ಈ ಪಾಠದ ಅರ್ಧ ಆಗಲೇ ಗೊತ್ತಿರುತ್ತದೆ.

ಮಕ್ಕಳಿಗೆ ಇದನ್ನು ತೋರಿಸಲು ಬ್ರಾಸ್‌ನವರು ತರುವುದು ತೋಟಕ್ಕೆ ನೀರು ಬಿಡುವ ಪೈಪು, ಸೀಮೆಎಣ್ಣೆ ಸುರಿಯುವಂಥ ಆಲಿಕೆ. ಪೈಪಿನ ಒಂದು ತುದಿಗೆ ಮೌತ್‌ಪೀಸ್ ಸಿಕ್ಕಿಸಿ, ಇನ್ನೊಂದಕ್ಕೆ ಆಲಿಕೆ ತುರುಕಿ ಊದಿದರೆ ಹಾರ್ನ್‌ನ ನಾದ ಹೊರಡುತ್ತದೆ. ತುಟಿ ಬಿಗಿಮಾಡಿದಂತೆ ಸ್ವರ ಮೇಲಕ್ಕೆ ನೆಗೆಯುತ್ತದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ನಡುವಿನ ಸ್ವರಗಳು ಬರುವುದಿಲ್ಲ. ಹಾಗಾದರೆ ಆ ನಡುವಿನ ಸ್ವರ ಎಲ್ಲಿ ಹೋದವು ಎಂದು ಮಗು ಕೇಳಿದಾಗ ವಾಲ್ವ್ ಎತ್ತಿ ತೋರಿಸಬಹುದು. ಜರ್ಮನಿಯಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ 1818ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಒತ್ತಿದಾಗ ಕೊಳವೆಗೆ ಒಂದಿಷ್ಟು ಉದ್ದ ಸೇರಿಸುತ್ತದೆ, ಅಷ್ಟೆ. ಟ್ರಾಂಬೋನ್‌ನಲ್ಲಿ ಅದೇ ಕೆಲಸ ಜಾರುಕೊಳವೆಯದು. ಉದ್ದದ ಲೆಕ್ಕವೂ ಸೊಗಸು: ಟ್ರಂಪೆಟ್ ಬಿಚ್ಚಿ ನೇರ ಮಾಡಿದರೆ ಸುಮಾರು 1.4 ಮೀಟರ್, ಟ್ರಾಂಬೋನ್ ಅದರ ಇಮ್ಮಡಿ, ದೊಡ್ಡ ಬಿ ಫ್ಲ್ಯಾಟ್ ಟ್ಯೂಬಾ ಅದರ ಇಮ್ಮಡಿ. ಉದ್ದ ಇಮ್ಮಡಿಯಾದಾಗಲೆಲ್ಲ ನಾದ ಒಂದು ಸ್ಥಾಯಿ ಕೆಳಕ್ಕೆ ಇಳಿಯುತ್ತದೆ. ಇಷ್ಟು ಭೌತಶಾಸ್ತ್ರವನ್ನು ಕಪ್ಪುಹಲಗೆಯ ಮೇಲೆ ಕಲಿಸಲು ಎಷ್ಟು ಪೀರಿಯಡ್ ಬೇಕಾದೀತೋ.

ಪೈಪು ಊದುವುದು ಬರೀ ಮಕ್ಕಳಾಟ ಎಂದುಕೊಂಡವರಿಗೆ ಒಂದು ಸಂಗತಿ. 1956ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನಡೆದ ಹಾಫ್‌ನಂಗ್ ಹಾಸ್ಯೋತ್ಸವದಲ್ಲಿ ತುಂಬಿದ ಸಭೆಯ ಮುಂದೆ ತೋಟದ ಪೈಪಿನಲ್ಲಿ ಲಿಯೊಪೋಲ್ಡ್ ಮೊಜಾರ್ಟ್‌ನ ಕೃತಿ ನುಡಿಸಿದವರು ಆ ಕಾಲದ ಅತ್ಯಂತ ಶ್ರೇಷ್ಠ ಹಾರ್ನ್ ವಾದಕ ಡೆನ್ನಿಸ್ ಬ್ರೇನ್. ಅವರು ಮುಖ್ಯ ಹಾರ್ನ್ ವಾದಕರಾಗಿದ್ದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದು ಅದೇ ಆರ್ಕೆಸ್ಟ್ರಾದಿಂದ, ಒಡೆಯರ್ ಅವರ ಹಣದ ಬೆಂಬಲದಿಂದ. ಆ ಗೀತೆಗಳಲ್ಲಿ ‘ಸೆಪ್ಟೆಂಬರ್’ ಮುಗಿಯುವುದು ಹಾರ್ನ್‌ನ ಒಂಟಿ ದನಿಯಲ್ಲಿ.

“ಆಗಾಗ ನೆಲಕ್ಕೆ ಸುರಿಯುವುದು ಉಗುಳು”

ಯಾವ ಶಾಲೆಗೆ ಹೋದರೂ ತಪ್ಪದ ಪ್ರಶ್ನೆ. ಬಿಸಿ ಉಸಿರು ತಣ್ಣಗಿನ ಲೋಹಕ್ಕೆ ತಾಗಿ ಹನಿಗಟ್ಟಿದ ನೀರೇ ಅದರಲ್ಲಿ ಬಹುಪಾಲು. ಉಗುಳಿನ ಪಾಲು ಅಲ್ಪ. ಆದರೂ ನೆಲಕ್ಕೊಂದು ಬಟ್ಟೆ ಹಾಸುವುದು ಮರ್ಯಾದೆ.

“ಊದಲು ಜಟ್ಟಿಯ ಶ್ವಾಸಕೋಶ ಬೇಕು”

ತೆಳ್ಳಗಿನ ಮಗುವನ್ನು ಹಿಂದಕ್ಕೆ ಸರಿಸಿ, ದಪ್ಪಗಿರುವವನ ಕೈಗೆ ಟ್ಯೂಬಾ ಕೊಡುವ ಮೇಷ್ಟರುಗಳು ಎಲ್ಲ ದೇಶದಲ್ಲೂ ಇದ್ದಾರೆ. ಅವರು ಆರ್ನಾಲ್ಡ್ ಜೇಕಬ್ಸ್ ಅವರ ಬಗ್ಗೆ ಓದಬೇಕು. 1944ರಿಂದ 1988ರವರೆಗೆ ಷಿಕಾಗೊ ಸಿಂಫನಿಯ ಟ್ಯೂಬಾ ವಾದಕರಾಗಿದ್ದ ಜೇಕಬ್ಸ್ ಇಪ್ಪತ್ತನೇ ಶತಮಾನದಲ್ಲಿ ಊದುವಿಕೆಯನ್ನು ಕಲಿಸಿದವರಲ್ಲೇ ಅಗ್ರಗಣ್ಯರು. ಅವರ ಶ್ವಾಸಕೋಶದ ಸಾಮರ್ಥ್ಯವಾದರೋ ಸಾಮಾನ್ಯರಿಗಿಂತ ಕಡಿಮೆ, ಜೊತೆಗೆ ಆಸ್ತಮಾ. ಇದ್ದ ಗಾಳಿಯನ್ನು ಬಿಗಿಯದೆ, ತಡೆಯದೆ ಹರಿಯಬಿಡುವುದನ್ನು ಅವರು ಶಾಸ್ತ್ರದಂತೆ ಅಭ್ಯಾಸ ಮಾಡಿದರು. ಸ್ನಾಯುಗಳ ಬಗ್ಗೆ ಯೋಚಿಸಬೇಡಿ, ತಲೆಯೊಳಗೆ ಹಾಡು ಇರಲಿ, ಗಾಳಿ ಅದರ ಹಿಂದೆ ಹೋಗುತ್ತದೆ ಎಂಬುದು ಅವರ ಬೋಧನೆಯ ತಿರುಳು.

ವಾದ್ಯದಿಂದ ವಾದ್ಯಕ್ಕೆ ಬೇಡಿಕೆಯೂ ಬೇರೆ. ಟ್ಯೂಬಾಗೆ ಬೇಕಾದ್ದು ಹೇರಳ ಗಾಳಿ, ಕಡಿಮೆ ಒತ್ತಡ. ಟ್ರಂಪೆಟ್‌ನ ತಾರಸ್ಥಾಯಿಗೆ ಒತ್ತಡ ಹೆಚ್ಚು, ಗಾಳಿ ಅತ್ಯಲ್ಪ. ಮಕ್ಕಳಲ್ಲಿ ನಿಜವಾಗಿ ನೋಡಬೇಕಾದ್ದು ಎದೆಯ ಅಗಲವಲ್ಲ, ಹಲ್ಲು. ಹಾಲುಹಲ್ಲು ಬಿದ್ದು ಮುಂದಿನ ಹಲ್ಲುಗಳು ಗಟ್ಟಿಯಾಗಿ ಬರುವ ಎಂಟು ಒಂಬತ್ತರ ವಯಸ್ಸು ಆರಂಭಕ್ಕೆ ಅನುಕೂಲ.

“ಇದು ಹುಡುಗರ ವಾದ್ಯ”

ಅಮೆರಿಕದಲ್ಲಿ ಏಬಲ್ಸ್ ಮತ್ತು ಪೋರ್ಟರ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಕೊಳಲು, ಪಿಟೀಲು, ಕ್ಲಾರಿನೆಟ್‌ಗಳನ್ನು ಹೆಣ್ಣುಮಕ್ಕಳ ಕಡೆಗೂ ಟ್ರಂಪೆಟ್, ಟ್ರಾಂಬೋನ್, ಡ್ರಮ್‌ಗಳನ್ನು ಗಂಡುಮಕ್ಕಳ ಕಡೆಗೂ ಹಂಚಿಬಿಟ್ಟಿದ್ದರು. ಈ ಹಂಚಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಬಿ ಕೊನಂಟ್ ಅವರ ಪ್ರಸಂಗ ಸಾಕ್ಷಿ. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್‌ನ ಮುಖ್ಯ ಟ್ರಾಂಬೋನ್ ಸ್ಥಾನಕ್ಕೆ ಅರ್ಜಿ ಹಾಕಿದಾಗ ಅವರಿಗೆ ಬಂದ ಪತ್ರದಲ್ಲಿ ಸಂಬೋಧನೆಯೇ ಗಂಡಸಿನದು. ಪರೀಕ್ಷೆ ಪರದೆಯ ಹಿಂದೆ ನಡೆಯಿತು, ಅವರೇ ಗೆದ್ದರು. ಪರದೆ ಸರಿದು ಹೆಣ್ಣೆಂದು ಗೊತ್ತಾದ ಮೇಲೆ ಕಂಡಕ್ಟರ್ ಚೆಲಿಬಿಡಾಕೆ ಅವರನ್ನು ಎರಡನೇ ಸ್ಥಾನಕ್ಕೆ ಇಳಿಸಿದರು. ಕೋರ್ಟಿನ ಹೋರಾಟ 1993ರವರೆಗೆ ಎಳೆಯಿತು. ದೇಹದಲ್ಲಿ ಕಸುವಿದೆಯೆಂದು ಸಾಬೀತುಪಡಿಸಲು ಅವರು ಶ್ವಾಸಕೋಶದ ವೈದ್ಯಕೀಯ ಪರೀಕ್ಷೆಗೂ ಒಳಗಾಗಬೇಕಾಯಿತು. ಕೊನೆಗೆ ಗೆದ್ದದ್ದು ಅವರೇ. ಮುಂದೆ 2006ರಲ್ಲಿ ಕ್ಯಾರಲ್ ಜಾಂಚ್ ಎಂಬ ಯುವತಿ, ಇನ್ನೂ ವಿದ್ಯಾರ್ಥಿನಿಯಾಗಿರುವಾಗಲೇ, ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಟ್ಯೂಬಾ ಸ್ಥಾನಕ್ಕೆ ಆಯ್ಕೆಯಾದರು. ನಾರ್ವೆಯ ಟ್ರಂಪೆಟ್ ವಾದಕಿ ಟೀನೆ ತಿಂಗ್ ಹೆಲ್ಸೆತ್ ಹತ್ತು ಮಹಿಳೆಯರ ‘ಟೆನ್‌ತಿಂಗ್’ ಬ್ರಾಸ್ ತಂಡವನ್ನೇ ಕಟ್ಟಿದ್ದಾರೆ.

ಶಾಲೆಯ ಕಛೇರಿಗೆ ಇದು ನೇರ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ಬ್ರೂಸ್ ಮತ್ತು ಕೆಂಪ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಪುಟ್ಟ ಮಕ್ಕಳ ಮುಂದೆ ವಾದ್ಯಗಳನ್ನು ನುಡಿಸಿ ತೋರಿಸಿ, ನಿಮಗೆ ಯಾವುದು ಇಷ್ಟ ಎಂದು ನೋಡಿತು. ನುಡಿಸಿದ್ದು ಹೆಣ್ಣೋ ಗಂಡೋ ಎಂಬುದಕ್ಕೆ ತಕ್ಕಂತೆ ಮಕ್ಕಳ ಒಲವು ವಾಲಿತು. ಐವರಲ್ಲಿ ಯಾರು ಯಾವ ವಾದ್ಯ ಹಿಡಿದು ನಿಂತಿದ್ದಾರೆ ಎಂಬುದೂ ಪಾಠವೇ, ತಂಡ ಬಾಯಿಬಿಟ್ಟು ಹೇಳಲಿ ಬಿಡಲಿ.

“ಬ್ರಾಸ್ ಅಂದರೆ ಗದ್ದಲ; ಸ್ವಂತ ಕೃತಿಗಳೂ ಇಲ್ಲ”

ಮೆಲ್ಲಗೆ, ಜೋರಾಗಿ ಎಂದು ಸ್ವರಲಿಪಿಯಲ್ಲೇ ಗುರುತು ಹಾಕಿದ ಮೊದಲ ಕೃತಿಗಳಲ್ಲೊಂದು ವೆನಿಸ್‌ನ ಜೊವಾನಿ ಗಾಬ್ರಿಯೇಲಿ 1597ರಲ್ಲಿ ಪ್ರಕಟಿಸಿದ ಸೊನಾಟಾ. ಅದರ ಎಂಟು ದನಿಗಳಲ್ಲಿ ಆರು ಟ್ರಾಂಬೋನ್‌ಗಳವು. ಪಿಸುಮಾತಿನ ಮೊದಮೊದಲ ಲಿಖಿತ ದಾಖಲೆಗಳಲ್ಲೇ ಟ್ರಾಂಬೋನ್ ಇದೆ ಎಂದಾಯಿತು. ಇನ್ನು ಕ್ವಿಂಟೆಟ್‌ಗೆಂದೇ ಬರೆದವರಲ್ಲಿ ವಿಕ್ಟರ್ ಎವಾಲ್ಡ್ (1860–1935) ದೊಡ್ಡ ಹೆಸರು. ಆತ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರು, ನಮ್ಮ ಸರ್ ಎಂ.ವಿ. ಅವರ ಓರಗೆಯವ. ಸಂಗೀತ ಆತನಿಗೆ ಸಂಜೆಯ ಹವ್ಯಾಸ. ಒಂದು ಕ್ವಿಂಟೆಟ್ ಮಾತ್ರ ಬರೆದನೆಂದು ಬಹುಕಾಲ ನಂಬಲಾಗಿತ್ತು. ಉಳಿದವು ಪತ್ತೆಯಾಗಿ ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಅವನ್ನು ಜನರ ಮುಂದೆ ನುಡಿಸಿದ್ದು 1970ರ ದಶಕದಲ್ಲಿ.

“ಮಕ್ಕಳ ಮುಂದೆ ಸಿನಿಮಾ ಹಾಡು ಊದಿ ನಗಿಸಿದರೆ ಸಾಕು”

ಇಲ್ಲಿ ನನಗೂ ಸ್ವಲ್ಪ ಇಬ್ಬಂದಿ ಇದೆ. ಕೆನಡಿಯನ್ ಬ್ರಾಸ್ ನಗಿಸುತ್ತದೆ, ಧಾರಾಳವಾಗಿ. 1960ರಲ್ಲಿ ಹುಟ್ಟಿ 1987ರಿಂದ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ವಿದ್ಯಾಲಯದಲ್ಲಿ ನೆಲೆನಿಂತ ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಅಂಥ ವಿನೋದದಿಂದ ದೂರ. ಟ್ಯೂಬಾದ ಜಾಗದಲ್ಲಿ ಬೇಸ್ ಟ್ರಾಂಬೋನ್ ಇಟ್ಟುಕೊಂಡು ಎಲಿಯಟ್ ಕಾರ್ಟರ್‌ನಂಥವರಿಂದ ಕಠಿಣ ಹೊಸ ಕೃತಿಗಳನ್ನು ಬರೆಸಿದ ತಂಡ ಅದು. ಎರಡೂ ದಾರಿಯಲ್ಲಿ ಒಳ್ಳೆಯ ಶಿಷ್ಯರು ಬಂದಿದ್ದಾರೆ. ಆದರೆ ಕೆನಡಿಯನ್ ಬ್ರಾಸ್‌ನ ನಗೆಯನ್ನಷ್ಟೇ ನಕಲು ಮಾಡಿದ ತಂಡಗಳು ಮರೆಯುವ ಸಂಗತಿಯೊಂದಿದೆ: ಆ ಐವರು ನಗಿಸಿ ಮುಗಿಸಿದ ಮೇಲೆ ಬಾಖ್‌ನನ್ನು ಒಂದಿಷ್ಟೂ ತೆಳು ಮಾಡದೆ ನುಡಿಸುತ್ತಾರೆ. ನಗೆ ಬಾಗಿಲು ತೆರೆಯುವುದಕ್ಕಷ್ಟೇ. ಒಳಗೆ ಏನೂ ಇಲ್ಲದಿದ್ದರೆ ಮಕ್ಕಳಿಗೆ ಅದು ದೊಡ್ಡವರಿಗಿಂತ ಬೇಗ ತಿಳಿಯುತ್ತದೆ.

ನುರಿತ ತಂಡಗಳು ಮಾಡುವುದು ಇಷ್ಟೆ. ತುಣುಕು ಶುರುವಾಗುವ ಮೊದಲು ಮಕ್ಕಳಿಗೆ ಒಂದು ಕೆಲಸ ಹಚ್ಚುತ್ತಾರೆ: ಕಂಡಕ್ಟರ್ ಇಲ್ಲವಲ್ಲ, ಹಾಗಾದರೆ ಐವರೂ ಒಟ್ಟಿಗೆ ಶುರು ಮಾಡುವುದು ಹೇಗೆ, ನೋಡಿ ಹೇಳಿ. ಇನ್ನೂರು ಜೊತೆ ಕಣ್ಣು ಮೌನವಾಗಿ ವೇದಿಕೆಗೆ ನೆಟ್ಟುಕೊಳ್ಳುತ್ತವೆ. ಮೊದಲ ಟ್ರಂಪೆಟ್‌ನವರು ಹುಬ್ಬೆತ್ತಿ ಉಸಿರೆಳೆಯುವುದು, ಉಳಿದ ನಾಲ್ವರೂ ಅದೇ ಉಸಿರಿನಲ್ಲಿ ಸೇರುವುದು ಯಾರಾದರೊಬ್ಬಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಲ್ಲಿಂದ ಮುಂದೆ ಫ್ಯೂಗ್‌ನಲ್ಲಿ ಒಂದೇ ರಾಗತುಣುಕು ಯಾರಿಂದ ಯಾರಿಗೆ ದಾಟುತ್ತಿದೆ ಎಂದು ಬೆರಳು ಮಾಡಿ ತೋರಿಸಲು ಹೇಳಿದರೆ ಮೂರನೇ ಕ್ಲಾಸಿನವರೂ ತೋರಿಸುತ್ತಾರೆ. ಚೇಂಬರ್ ಸಂಗೀತದಲ್ಲಿ ಕಲಿಯಲು ಇರುವುದರಲ್ಲಿ ದೊಡ್ಡ ಪಾಲು ಇದೇ.

“ಸಂಗೀತ ಕೇಳಿದರೆ ಮಗು ಲೆಕ್ಕದಲ್ಲಿ ಚುರುಕಾಗುತ್ತದೆ”

ಈ ಮಾತನ್ನು ಸಂಗೀತಗಾರರೇ ಅನುದಾನದ ಅರ್ಜಿಗಳಲ್ಲಿ ಬರೆದು ಬರೆದು ಬೆಳೆಸಿದ್ದಾರೆ. ಮೂಲ ಹುಡುಕಿದರೆ ಸಿಗುವುದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿ. ಪ್ರಯೋಗಕ್ಕೆ ಕೂತವರು 36 ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಎರಡು ಪಿಯಾನೊಗಳಿಗೆಂದು ಮೊಜಾರ್ಟ್ ಬರೆದ ಒಂದು ಸೊನಾಟಾ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಒಂದು ಬಗೆಯ ಪರೀಕ್ಷೆಯಲ್ಲಿ ಅವರು ಸ್ವಲ್ಪ ಮೇಲಾದರು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಇಷ್ಟನ್ನೇ ಹಿಡಿದುಕೊಂಡು 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಗುವಿಗೊಂದು ಸಂಗೀತದ ಸಿ.ಡಿ. ಕೊಡುವ ಯೋಜನೆಗೆ ದುಡ್ಡು ಕೇಳಿದರು. ಕಬಡ್ಡಿ ಆಡಿಸುವಾಗ ಇದರಿಂದ ವ್ಯಾಕರಣ ಸುಧಾರಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಟ್ರಂಪೆಟ್ ಕಲಿತ ಮಗುವಿಗೆ ಟ್ರಂಪೆಟ್ ಬರುತ್ತದೆ. ಅಷ್ಟು ಬಂದರೆ ಕಡಿಮೆಯೇ?

“ಒಮ್ಮೆ ಬಂದು ನುಡಿಸಿಹೋದರೆ ಮಕ್ಕಳಲ್ಲಿ ಕಿಡಿ ಹೊತ್ತುತ್ತದೆ”

ಕಿಡಿ ಹೊತ್ತುತ್ತದೆ, ಸುಳ್ಳಲ್ಲ. ಮರುದಿನ ಕೈಗೆ ವಾದ್ಯ ಸಿಗದಿದ್ದರೆ, ಕಲಿಸುವವರು ಇಲ್ಲದಿದ್ದರೆ ವಾರದೊಳಗೆ ಆರುತ್ತದೆ. ಒಂದೇ ಭೇಟಿಯ ಫೋಟೊ ವಾರ್ಷಿಕ ವರದಿಗೆ ಚೆನ್ನ. ಕೆಲಸ ಆಗುವುದು ಅದೇ ತಂಡ ಅದೇ ಶಾಲೆಗೆ ಮತ್ತೆ ಮತ್ತೆ ಬಂದಾಗ, ಅಲ್ಲಿನ ಸಂಗೀತದ ಮೇಷ್ಟರನ್ನು ಜೊತೆಗೆ ಸೇರಿಸಿಕೊಂಡಾಗ. ಹ್ಯಾಮಿಲ್ಟನ್‌ನಲ್ಲಿ ಫಲ ಸಿಕ್ಕಿದ್ದು ಕೆನಡಿಯನ್ ಬ್ರಾಸ್‌ನ ಐವರು ಆ ಊರಿನವರಾಗಿಯೇ ವರ್ಷಗಟ್ಟಲೆ ಇದ್ದದ್ದರಿಂದ.

ತಂಡ ಹೊರಟುಹೋದ ಮೇಲೆ ಉಳಿಯುವಂಥದ್ದೂ ಏನಾದರೂ ಬೇಕು. ವಾದ್ಯದ ಬೆಲೆಯ ಅಡ್ಡಿಗೆ ಇತ್ತೀಚೆಗೆ ಪ್ಲಾಸ್ಟಿಕ್ ಒಂದು ಉತ್ತರವಾಗಿದೆ. ಬ್ರಿಟನ್ನಿನಲ್ಲಿ ರೂಪುಗೊಂಡ ‘ಪಿಬೋನ್’ ಎಂಬ ಪ್ಲಾಸ್ಟಿಕ್ ಟ್ರಾಂಬೋನ್ ಒಂದು ಕಿಲೋಗಿಂತ ಹಗುರ, ಬಿದ್ದರೆ ತಗ್ಗು ಬೀಳದು. ನಾದದಲ್ಲಿ ಹಿತ್ತಾಳೆಗೆ ಸಮವಲ್ಲ ನಿಜ, ಕಲಿಯಲು ಸಾಕು. ಹಾರ್ವಿ ಫಿಲಿಪ್ಸ್ ಬೇರೆಯೇ ಉಪಾಯ ಕಂಡುಕೊಂಡರು. ಕ್ರಿಸ್‌ಮಸ್ ದಿನ ಹುಟ್ಟಿದ್ದ ತಮ್ಮ ಗುರು ವಿಲಿಯಂ ಬೆಲ್ ಅವರ ನೆನಪಿಗೆ 1974ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸೆಂಟರ್‌ಗೆ ಟ್ಯೂಬಾ ನುಡಿಸುವವರನ್ನೆಲ್ಲ ಕರೆದರು. ನೂರಾರು ಮಂದಿ ವಾದ್ಯ ಹೊತ್ತು ಬಂದರು. ಶಾಲೆಯ ಹುಡುಗರಿಂದ ನಿವೃತ್ತರವರೆಗೆ ಯಾರು ಬೇಕಾದರೂ ಸೇರಬಹುದಾದ ‘ಟ್ಯೂಬಾ ಕ್ರಿಸ್‌ಮಸ್’ ಈಗ ಹಲವು ಊರುಗಳಲ್ಲಿ ವರ್ಷವರ್ಷವೂ ನಡೆಯುತ್ತದೆ.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಕೆನಡಿಯನ್ ಬ್ರಾಸ್ ಹೊರತಂದ ಸ್ವರಪುಸ್ತಕಗಳು. ಅವುಗಳಲ್ಲಿ ಈಗಷ್ಟೇ ಊದಲು ಕಲಿತವರಿಗೆಂದೇ ಜೋಡಿಸಿದ ಕ್ವಿಂಟೆಟ್‌ಗಳಿವೆ. ಶಾಲೆಯ ಬ್ಯಾಂಡಿನಲ್ಲಿ ಒಂದೇ ಸಾಲನ್ನು ಹತ್ತು ಟ್ರಂಪೆಟ್‌ಗಳು ಊದುತ್ತವೆ. ಒಬ್ಬ ತಪ್ಪಿದರೆ ಗೊತ್ತಾಗದು, ಬಿಟ್ಟರೂ ನಡೆಯುತ್ತದೆ. ಕ್ವಿಂಟೆಟ್ ಪುಸ್ತಕದಲ್ಲಿ ಒಂದು ಸಾಲಿಗೆ ಒಂದೇ ಮಗು. ಟ್ಯೂಬಾದ ಹುಡುಗಿ ಆ ದಿನ ಶಾಲೆಗೆ ಬರದಿದ್ದರೆ ಉಳಿದ ನಾಲ್ವರಿಗೆ ತಳಸ್ವರವೇ ಇಲ್ಲ, ಅಭ್ಯಾಸ ಮುಂದಕ್ಕೆ ಹಾಕಬೇಕಾಗುತ್ತದೆ.